ಹೆಸರು ಹೇಳದ ಊರಿನಲ್ಲಿ ಒಂದು ವರ್ಷ

ಹೋದ ವಾರ ಚಳ್ಳಕೆರೆಯಿಂದ ಪರಶುರಾಂಪುರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಮುಂದೆ ಶೇಂಗಾ ಬಳ್ಳಿ ಹೇರಿಕೊಂಡ ಟ್ರ್ಯಾಕ್ಟರೊಂದು ದಾರಿ ಬಿಡದೆ ಹೋಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸುಮ್ಮನಾದ. ಆಗಷ್ಟೇ ಕಿತ್ತ ಬಳ್ಳಿಯ ವಾಸನೆ, ಹಸಿ ಮಣ್ಣು, ಎಳೆ ಕಾಯಿ, ಬಾಡುತ್ತಿರುವ ಸೊಪ್ಪು ಎಲ್ಲ ಬೆರೆತದ್ದು, ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು, "ಈ ಸಲ ಕಾಯಿ ಚೆನ್ನಾಗಿ ಕಟ್ಟೈತೆ ನೋಡ್ರಿ" ಅಂದಳು. ಹೂಂ ಅಂದೆ. ಆಮೇಲೆ ನೋಡಿಕೊಂಡರೆ ನನ್ನ ಎರಡೂ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು. ಇದೇ ವಾಸನೆಯ ಹೊಲಗಳ ನಡುವೆ ಒಂದು ಮಧ್ಯಾಹ್ನ ನಾನು ಒಬ್ಬ ಹುಡುಗಿಯನ್ನು ಹುಡುಕುತ್ತ ಓಡಿದ್ದೆ. ಅವಳು ಜೀವಂತ ಸಿಗುತ್ತಾಳೆಂಬ ನಂಬಿಕೆ ಆಗ ನನಗೆ ಇರಲಿಲ್ಲ.

ಕೊರೊನಾ ಮುಗಿದು ಶಾಲೆಗಳು ಮತ್ತೆ ಹಳೆಯ ಲಯಕ್ಕೆ ಬಂದಿದ್ದ ಕಾಲ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಒಂದು ಪ್ರೌಢಶಾಲೆಗೆ ನನಗೆ ವರ್ಗವಾಯಿತು. ಊರಿನ ಹೆಸರು ಇಲ್ಲಿ ಬೇಡ. ನಾನು ಗಣಿತದ ಟೀಚರ್. ಮೊಳಕಾಲ್ಮೂರಿನಲ್ಲಿ ಒಂದು ಕೋಣೆ ಹಿಡಿದು, ದಿನಾ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಜೂನ್ ತಿಂಗಳಾದರೂ ಮಳೆಯ ಸುಳಿವಿರಲಿಲ್ಲ. ಮಧ್ಯಾಹ್ನವಾದರೆ ಸಾಕು, ಕೆಂಪು ಧೂಳು ಹೊತ್ತ ಗಾಳಿ ಎದ್ದು ಶಾಲೆಯ ಕಿಟಕಿಗಳನ್ನೆಲ್ಲ ಬಡಿಯುತ್ತಿತ್ತು.

ಮೊದಲ ದಿನ ಹತ್ತನೇ ತರಗತಿಗೆ ಹೋಗಿ, "ನಾನು ನಿಮ್ಮ ಗಣಿತದ ಟೀಚರ್" ಅಂದೆ. ಮಕ್ಕಳು ಗಣಿತಕ್ಕೆ ಹೆದರುವುದು ನನಗೆ ಹೊಸದಲ್ಲ. ಆದರೆ ಅಲ್ಲಿ ಕಂಡದ್ದು ಆ ಬಗೆಯ ಹೆದರಿಕೆಯಲ್ಲ. ಹುಡುಗಿಯರ ಸಾಲು ಪೂರ್ತಿ ತಲೆ ತಗ್ಗಿಸಿತು. ಒಬ್ಬಳೂ ಮೇಲೆ ನೋಡಲಿಲ್ಲ. ಕಿಟಕಿಯ ಪಕ್ಕದ ಬೆಂಚು ಖಾಲಿ ಇತ್ತು. ಹಿಂದಿನ ಬೆಂಚುಗಳಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದರೂ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. "ಇಲ್ಲಿ ಬಂದು ಕೂತ್ಕೊಳ್ರಮ್ಮ" ಅಂದರೆ ಇನ್ನಷ್ಟು ಒತ್ತಿಕೊಂಡು ಕೂತರು.

ಹೆಡ್‌ಮಾಸ್ಟರ್ ತಿಪ್ಪೇಸ್ವಾಮಿಯವರನ್ನು ಕೇಳಿದೆ. ನಿವೃತ್ತಿಗೆ ಹತ್ತಿರವಿದ್ದ ಸೌಮ್ಯ ಮನುಷ್ಯ. ಮೇಜಿನ ಮೇಲಿನ ಗಾಜನ್ನು ಕರವಸ್ತ್ರದಿಂದ ಒರೆಸುತ್ತ, "ಬಿಡ್ರಿ ಮೇಡಂ, ಹಳೇ ವಿಚಾರ. ನೀವು ರಿಸಲ್ಟ್ ಕಡೆ ಗಮನ ಕೊಡ್ರಿ. ಮೇಲಿನವರು ದಿನಾ ಫೋನ್ ಮಾಡ್ತಾರೆ" ಅಂದರು. ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಒಂದು ವಿಶೇಷ ತರಗತಿ, ಶನಿವಾರ ಪರೀಕ್ಷೆ. ಆ ವರ್ಷದ ವೇಳಾಪಟ್ಟಿ ಆಗಲೇ ಗೋಡೆಗೆ ಅಂಟಿತ್ತು.

ಜುಲೈನಲ್ಲಿ ಮೊದಲ ಹುಡುಗಿ ಬಿದ್ದಳು. ಅವಳ ಹೆಸರು ಪಲ್ಲವಿ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಬೆಂಚು ಸರಿದ ಸದ್ದು ಕೇಳಿ ತಿರುಗಿದರೆ ಅವಳು ನೆಲದ ಮೇಲಿದ್ದಳು. ಕಣ್ಣು ಅರ್ಧ ತೆರೆದಿತ್ತು, ಮುಷ್ಟಿ ಬಿಗಿದಿತ್ತು. ನೀರು ಚಿಮುಕಿಸಿ, ಕೈ ತಿಕ್ಕಿ, ಎಬ್ಬಿಸಿ ಕೂರಿಸುವಷ್ಟರಲ್ಲಿ ನನ್ನ ಸೀರೆಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಮರುದಿನ ಮತ್ತೆ ಬಿದ್ದಳು. ಆ ವಾರವೇ ಅವಳ ಹಿಂದೆ ಕೂರುತ್ತಿದ್ದ ಇಬ್ಬರು ಬಿದ್ದರು. ಆಗಸ್ಟ್ ಹೊತ್ತಿಗೆ ಯಾವ ದಿನ ಯಾರು ಬೀಳುತ್ತಾರೋ ಎಂದು ನಾವೆಲ್ಲ ಕಾಯುವಂತಾಯಿತು. ಬಹುಪಾಲು ನನ್ನ ತರಗತಿಯಲ್ಲೇ. ಸೀಮೆಸುಣ್ಣ ಕೈಗೆತ್ತಿಕೊಳ್ಳಲು ನನಗೇ ಭಯವಾಗತೊಡಗಿತು.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಬಂದು ರಕ್ತ ಪರೀಕ್ಷೆ ಮಾಡಿಸಿದರು, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಬೀಳುವುದು ನಿಲ್ಲಲಿಲ್ಲ. ಊರಿನವರು ಆಂಧ್ರದ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನು ಶಾಲೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟಿ, ಹುಡುಗಿಯರ ತೋಳಿಗೆ ತಾಯತ ಕಟ್ಟಿ ಹೋದ. ಆಗಲೂ ನಿಲ್ಲಲಿಲ್ಲ. ಹೊಸ ಮೇಡಂ ಕಾಲ್ಗುಣ ಸರಿ ಇಲ್ಲ ಎಂದು ಹೋಟೆಲಿನಲ್ಲಿ ಮಾತು ಹುಟ್ಟಿತು. ಕೆಲವರು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಕಳೆ ತೆಗೆಯಲು ಹೊಲಕ್ಕೆ ಕರೆದುಕೊಂಡು ಹೋದರು. ಹಾಜರಿ ಕೂಗುವಾಗ ಹೆಸರಿನ ಹಿಂದೆ ಹೆಸರು ಉತ್ತರವಿಲ್ಲದೆ ಹೋಗುತ್ತಿತ್ತು.

ನನಗೆ ವಿಷಯ ಬಿಡಿಸಿ ಹೇಳಿದವಳು ಊರಿನ ಆಶಾ ಕಾರ್ಯಕರ್ತೆ ಓಬಮ್ಮ. ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕಕ್ಕೆ ಬಂದು ನಿಂತಳು.

"ಪಲ್ಲವಿಗೆ ಒಬ್ಳು ಅಕ್ಕ ಇದ್ಳು ಮೇಡಮ್ಮೋರೆ. ಕವಿತಾ ಅಂತ" ಅಂದಳು, ಅತ್ತಿತ್ತ ನೋಡಿ. "ಹೋದ ವರ್ಷ ಇದೇ ಶಾಲೆಯಾಗೆ ಹತ್ತನೇ ಕ್ಲಾಸು. ರಿಸಲ್ಟ್ ಬಂತು. ಲೆಕ್ಕದಾಗೆ ಫೇಲು. ಅವತ್ತೇ ಮಧ್ಯಾಹ್ನ ಜೀವ ಕಳ್ಕಂಡ್ಳು. ಮನಿಯಾಗೆ ಯಾರೂ ಇರಲಿಲ್ಲ."

"ಕಿಟಕಿ ಪಕ್ಕದ ಬೆಂಚು?"

"ಅವಳದ್ದೇ. ಈ ಹುಡುಗೀರೆಲ್ಲ ಅವಳ ಜೊತೆ ಖೋ ಖೋ ಆಡಿದವ್ರು. ಅವತ್ತಿನಿಂದ ಅವಳ ಹೆಸರು ಯಾರೂ ಎತ್ತಂಗಿಲ್ಲ. ಎತ್ತಿದ್ರೆ ಇನ್ನೊಬ್ಬರನ್ನ ಕರ್ಕಂಡು ಹೋಗ್ತಾಳಂತೆ. ಹಂಗಂತ ಹಿರೇರು ಹೇಳ್ಯವ್ರೆ."

ಹಿಂದಿನ ಗಣಿತದ ಮೇಷ್ಟ್ರು ವರ್ಗ ತೆಗೆದುಕೊಂಡು ಹೋಗಿದ್ದರು. ಅವರ ಜಾಗಕ್ಕೆ ನಾನು ಬಂದಿದ್ದೆ. ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಹತ್ತಿದೆ.

ಮುಂದಿನ ಭಾನುವಾರ ಓಬಮ್ಮನ ಜೊತೆ ಪಲ್ಲವಿಯ ಮನೆಗೆ ಹೋದೆ. ತಂದೆ ಕುರಿ ಹಿಂಡು ಹೊಡೆದುಕೊಂಡು ಮೇವು ಅರಸಿ ದೂರ ಹೋಗಿದ್ದ. ತಾಯಿ ಸರೋಜಮ್ಮ ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಅಲ್ಲಿಗೇ ಹೋದೆವು. ಸಣ್ಣ ಮೈಕಟ್ಟಿನ, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಾನು ಶಾಲೆಯವಳೆಂದು ಗೊತ್ತಾದರೂ ಕೈ ನಿಲ್ಲಿಸಲಿಲ್ಲ.

"ಅವಳು ಹೋದಾಗ ಶಾಲೆ ಕಡೆಯಿಂದ ಒಬ್ರೂ ಬರಲಿಲ್ಲ" ಅಂದಳು. "ಹೂವ ಬೇಡ, ದುಡ್ಡು ಬೇಡ. ಬಂದು ಒಂದು ಗಳಿಗೆ ಕುಂತಿದ್ರೆ ಆಗ್ತಿತ್ತು. ಈಗ ಇವಳು ಬೀಳಾಕತ್ತಿದ ಮೇಲೆ ಬಂದೀರಿ."

ನಾನು ಅವಳ ಪಕ್ಕದ ಸಾಲಿನಲ್ಲಿ ಕೂತು ಕಳೆ ಕೀಳತೊಡಗಿದೆ. ನಾನು ಕಿತ್ತದ್ದನ್ನು ನೋಡಿ, "ಅದು ಗಿಡ, ಕಳೆ ಅಲ್ಲ" ಅಂದಳು. ಆ ದಿನ ನಮ್ಮ ನಡುವೆ ನಡೆದ ಮಾತು ಅಷ್ಟೇ.

ನಾನು ಚಿತ್ರದುರ್ಗಕ್ಕೆ ಫೋನ್ ಮಾಡಿ ಮಾಡಿ ಸಾಕಾದ ಮೇಲೆ ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚಕರೊಬ್ಬರು ಬಂದರು. ಚಿಕ್ಕ ವಯಸ್ಸಿನ ಹುಡುಗ, ಎರಡು ಬಸ್ಸು ಬದಲಿಸಿ ಬಂದು ದಣಿದಿದ್ದ. ಮಕ್ಕಳನ್ನೆಲ್ಲ ಕೂರಿಸಿ ಮೈಕಿನಲ್ಲಿ ಒತ್ತಡದ ಬಗ್ಗೆ ಮಾತನಾಡಿದ. ಅವನು ಮಾತನಾಡುತ್ತಿರುವಾಗಲೇ ಒಬ್ಬಳು ಬಿದ್ದಳು. ಹೋಗುವ ಮುಂಚೆ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಅವನು ಹೇಳಿದ್ದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು.

"ನಾನು ಜಿಲ್ಲೆಯ ಅಷ್ಟೂ ತಾಲ್ಲೂಕುಗಳಿಗೆ ಓಡಾಡಬೇಕು ಮೇಡಂ. ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ. ಈ ಮಕ್ಕಳನ್ನ ದಿನಾ ನೋಡೋರು ಯಾರಿದಾರೆ? ಅವರೆಲ್ಲ ಒಟ್ಟಿಗೆ ಕೂರಬೇಕು. ತೀರಿಹೋದ ಆ ಹುಡುಗಿಗಾಗಿ ಮಕ್ಕಳು ಅಳೋಕೆ ಜಾಗ ಬೇಕು. ಪಲ್ಲವಿಯನ್ನ ಮಾತ್ರ ಬೇಗ ದುರ್ಗಕ್ಕೆ ಕರ್ಕೊಂಡು ಬನ್ನಿ, ಅವಳನ್ನ ಡಾಕ್ಟರೇ ನೋಡಬೇಕು."

ಒಟ್ಟಿಗೆ ಕೂರಿಸಲು ಸೆಪ್ಟೆಂಬರಿನಲ್ಲಿ ಪ್ರಯತ್ನಪಟ್ಟೆ. ಶಾಲಾ ಸಮಿತಿಯ ಅಧ್ಯಕ್ಷ ಬೋರಯ್ಯ, ಹೆಡ್‌ಮಾಸ್ಟರ್, ಓಬಮ್ಮ, ಕೆಲವು ತಾಯಂದಿರು. ವಾರಕ್ಕೊಂದು ದಿನ ಸಂಜೆಯ ವಿಶೇಷ ತರಗತಿ ಬಿಟ್ಟು, ಹುಡುಗಿಯರನ್ನೂ ಊರಿನ ಹೆಂಗಸರನ್ನೂ ಬೇವಿನ ಮರದಡಿ ಕೂರಿಸಿ ಮಾತನಾಡಿಸೋಣ, ಬೀಳುವ ಮಕ್ಕಳ ಮನೆಗೆ ಒಬ್ಬೊಬ್ಬರು ಹೋಗಿ ಬರೋಣ, ಪಲ್ಲವಿಯನ್ನು ಆಸ್ಪತ್ರೆಗೆ ಕರೆದೊಯ್ಯೋಣ ಎಂದೆ.

ಬೋರಯ್ಯ ಕೆಟ್ಟವನಲ್ಲ. ಶಾಲೆಗೆ ಬೋರ್‌ವೆಲ್ ಹಾಕಿಸಿದವನು. ಅವನ ಮಗಳೂ ಬೀಳುತ್ತಿದ್ದಳು. ಟವಲು ಕೊಡವಿ ಎದ್ದು ನಿಂತ.

"ಮೇಡಂ, ಮೆಂಟಲ್ ಡಾಕ್ಟ್ರು ಅಂದ್ರೆ ನಾಳೆ ಸುತ್ತ ಹಳ್ಳಿಗೆಲ್ಲ ಗೊತ್ತಾಗ್ತೈತೆ. ಈ ಊರಿನ ಹುಡುಗೀರಿಗೆ ತಲಿ ಸರಿ ಇಲ್ಲ ಅಂತಾರೆ. ಆಮೇಲೆ ಇವರನ್ನ ಯಾರು ಮದುವೆ ಮಾಡ್ಕಂತಾರೆ? ನೀವು ಬಸ್ ಹತ್ತಿ ಹೋಗೋರು. ನಾವು ಇಲ್ಲೇ ಇರೋರು."

ತಾಯಂದಿರು ಅವನ ಹಿಂದೆಯೇ ಎದ್ದು ಹೋದರು. ಸರೋಜಮ್ಮ ಬಂದಿರಲೇ ಇಲ್ಲ. ಹೆಡ್‌ಮಾಸ್ಟರು ನನ್ನ ಮುಖ ನೋಡದೆ, "ಸಂಜೆ ಕ್ಲಾಸ್ ಬಿಡಾಕ್ ಆಗಲ್ಲ ಮೇಡಂ, ನನ್ನ ಕೈಲಿಲ್ಲ" ಅಂದರು. ಖಾಲಿ ಕುರ್ಚಿಗಳ ನಡುವೆ ನಾನೂ ಓಬಮ್ಮನೂ ಉಳಿದೆವು. ನಾನು ಕೋಣೆಗೆ ಹೋಗಿ ವರ್ಗಾವಣೆಗೆ ಯಾರನ್ನು ಹಿಡಿಯಬೇಕೆಂದು ಯೋಚಿಸಿದ್ದೂ ಉಂಟು.

ದಸರಾ ರಜೆ ಕಳೆದು ಪಲ್ಲವಿ ಬಂದಾಗ ಅವಳು ಬೀಳುವುದನ್ನು ನಿಲ್ಲಿಸಿದ್ದಳು. ಎಲ್ಲರೂ ಸಮಾಧಾನಪಟ್ಟರು. ನನಗೆ ಹಾಗೆನ್ನಿಸಲಿಲ್ಲ. ಅವಳು ಮಾತನ್ನೇ ಬಿಟ್ಟಿದ್ದಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಕೂರು ಅನ್ನುವವರೆಗೆ ನಿಂತೇ ಇರುತ್ತಿದ್ದಳು. ಅವಳ ಕಣ್ಣು ನನ್ನನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು. ನಾನು ಓಬಮ್ಮನಿಗೆ ದಿನಾ ಹೇಳುತ್ತಿದ್ದೆ, ಅವಳು ಸರೋಜಮ್ಮನಿಗೆ ಹೇಳುತ್ತಿದ್ದಳು. ಸರೋಜಮ್ಮ, "ಸುಗ್ಗಿ ಮುಗೀಲಿ, ನೋಡಾಣ" ಅನ್ನುತ್ತಿದ್ದಳು.

ಸುಗ್ಗಿಯ ನಡುವಿನಲ್ಲೇ ಆ ದಿನ ಬಂತು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ಬೆಳಿಗ್ಗೆ ಹಂಚಿದ್ದೆ. ಊಟದ ಬಿಡುವಾದ ಮೇಲೆ ನೋಡಿದರೆ ಪಲ್ಲವಿ ಇಲ್ಲ. ಬ್ಯಾಗು ಇತ್ತು, ಚಪ್ಪಲಿ ಇತ್ತು. ಮನೆಗೆ ಓಡಿದೆ. ಬಾಗಿಲಿಗೆ ಬೀಗ. ಎದುರಿಗೆ ಸಿಕ್ಕ ಬೋರಯ್ಯನಿಗೆ, "ಪಲ್ಲವಿ" ಎಂದಷ್ಟೇ ಹೇಳಿದೆ. ಅವನು ನನ್ನ ಮುಖ ನೋಡಿದ. ದೇವಸ್ಥಾನಕ್ಕೆ ಓಡಿ ಮೈಕು ಹಿಡಿದ. "ಸರೋಜಮ್ಮನ ಮಗಳು ಶಾಲೆಯಿಂದ ಎಲ್ಲಿಗೋ ಹೋಗೈತೆ. ಎಲ್ರೂ ಕೆಲಸ ಬಿಟ್ಟು ಬರ್ರಿ. ಬಾವಿ, ಕೆರೆ, ಗುಡ್ಡ ಎಲ್ಲ ನೋಡ್ರಿ." ಅವನ ದನಿ ನಡುಗುತ್ತಿದ್ದುದು ಊರಿಗೆಲ್ಲ ಕೇಳಿಸಿತು.

ಬಳ್ಳಿ ಕೀಳುತ್ತಿದ್ದವರು ಹಾಗೇ ಬಿಟ್ಟು ಬಂದರು. ಗಂಡಸರು ಬಾವಿಗಳ ಕಡೆ ಹೋದರು. ನಾನು, ಓಬಮ್ಮ, ಸರೋಜಮ್ಮ ಗುಡ್ಡದ ಕಡೆ ಓಡಿದೆವು. ಕಿತ್ತು ಗುಡ್ಡೆ ಹಾಕಿದ್ದ ಬಳ್ಳಿಗಳನ್ನು ದಾಟುತ್ತ, ಎಡವುತ್ತ, ಪಲ್ಲವಿ ಪಲ್ಲವಿ ಎಂದು ಕೂಗಿದೆವು. ಬಿಸಿಲು ಇಳಿಯತೊಡಗಿತ್ತು. ಆ ಕಡೆಯಿಂದ ಆಂಧ್ರದ ಕುರಿಗಾಹಿ ಮುದುಕನೊಬ್ಬ ಬಂದ. "ಅಮ್ಮಾಯಿನಿ ಚೂಸಿನಾವಾ ತಾತಾ?" ಓಬಮ್ಮ ತೆಲುಗಿನಲ್ಲಿ ಕೇಳಿದಳು, ಹುಡುಗಿಯನ್ನು ಕಂಡೆಯಾ ಎಂದು. ಅವನು ಕೋಲೆತ್ತಿ ದೊಡ್ಡ ಬಂಡೆಗಳ ಕಡೆ ತೋರಿಸಿದ. ಹೊತ್ತಾಯಿತು ಹೋಗಿ, ಮತ್ತೆ ಇಳಿದು ಬರಲಿಲ್ಲ ಎಂದ.

ಬಂಡೆಗಳ ಬುಡದಲ್ಲಿ ನಿಂತು ಕೂಗಿದೆವು. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಸರೋಜಮ್ಮ ಕುಸಿದು ಕೂತಳು. ಆಮೇಲೆ ತಲೆಯೆತ್ತಿ, ಎಲ್ಲಿಂದ ಅಷ್ಟು ದನಿ ಬಂತೋ, "ಕವಿತಾ" ಎಂದು ಕೂಗಿದಳು. ಬಾಯಿ ತಪ್ಪಿ ಬಂದದ್ದಿರಬೇಕು. ಆದರೆ ಒಮ್ಮೆ ಬಂದದ್ದು ನಿಲ್ಲಲಿಲ್ಲ. "ಕವಿತಾ, ಕವಿತಾ, ನನ್ನವ್ವ ಕವಿತಾ" ಎಂದು ನೆಲ ಬಡಿಯುತ್ತ ಕೂಗತೊಡಗಿದಳು. ಅವಳು ಸತ್ತಾಗಿನಿಂದ ಊರಿನಲ್ಲಿ ಯಾರೂ ಗಟ್ಟಿಯಾಗಿ ಆಡದಿದ್ದ ಹೆಸರು. ಓಬಮ್ಮ ಅವಳ ಬಾಯಿಗೆ ಕೈ ಒಯ್ದವಳು ಅರ್ಧದಲ್ಲೇ ನಿಲ್ಲಿಸಿದಳು.

ಮೇಲಿನಿಂದ, ಎರಡು ಬಂಡೆಗಳ ಸಂದಿನಿಂದ, "ಅವ್ವಾ" ಎಂಬ ಸಣ್ಣ ದನಿ ಕೇಳಿಸಿತು.

ನಾನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಪಲ್ಲವಿ ಬಂಡೆಗೆ ಬೆನ್ನು ಕೊಟ್ಟು ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಬರಿಗಾಲು ಮುಳ್ಳು ತರಚಿ ರಕ್ತವಾಗಿತ್ತು. ಅವಳ ಅವ್ವ ಬಂದು ಅಪ್ಪಿಕೊಂಡಾಗ ಅವಳು ಅಳಲಿಲ್ಲ. "ಅಕ್ಕನ ಹೆಸರು ಹೇಳಿದ್ಯಲ್ಲವ್ವ" ಅಂದಳು. "ನೀವೆಲ್ಲ ಮರ್ತೇಬಿಟ್ರಿ ಅಂದ್ಕಂಡಿದ್ದೆ. ನಾನು ಹೋದ್ರೂ ಹಿಂಗೇ ಮರೀತೀರಿ ಅಂದ್ಕಂಡಿದ್ದೆ."

ಮರುದಿನ ಬೆಳಗಿನ ಬಸ್ಸಿಗೆ ಪಲ್ಲವಿಯನ್ನು ಚಿತ್ರದುರ್ಗಕ್ಕೆ ಕರೆದೊಯ್ದೆವು. ಬಸ್ ಸ್ಟ್ಯಾಂಡಿನಲ್ಲಿ ಬೋರಯ್ಯ ಹೆಂಡತಿ ಮತ್ತು ಮಗಳ ಜೊತೆ ನಿಂತಿದ್ದ. "ಇವಳೂ ಬರ್ತಾಳೆ. ನಮ್ಮ ಹುಡುಗೀನೂ ಡಾಕ್ಟ್ರಿಗೆ ತೋರ್ಸಿಕಂಡು ಬರ್ರಿ" ಅಂದ. ಡಾಕ್ಟರು ಪಲ್ಲವಿಯೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತನಾಡಿದರು. ಇದು ಕಾಯಿಲೆ, ವಾಸಿಯಾಗುತ್ತದೆ, ಆದರೆ ಬೇಗ ಅಲ್ಲ ಎಂದು ಸರೋಜಮ್ಮನಿಗೆ ಹೇಳಿದರು. ಕೆಲವು ತಿಂಗಳು ಅವಳನ್ನು ಒಂಟಿಯಾಗಿ ಬಿಡಬೇಡಿ ಅಂದರು.

ಒಂಟಿಯಾಗಿ ಬಿಡದಿರುವುದು ಹೇಗೆ? ಸರೋಜಮ್ಮ ದುಡಿಯದಿದ್ದರೆ ಒಲೆ ಉರಿಯುವುದಿಲ್ಲ. ಆ ಪ್ರಶ್ನೆಗೆ ಉತ್ತರವಾಗಿಯೇ ನಮ್ಮ ಗುಂಪು ಹುಟ್ಟಿದ್ದು. ಬೆಳಿಗ್ಗೆ ಬೋರಯ್ಯನ ಮಗಳು ಅವಳನ್ನು ಮನೆಯಿಂದ ಕರೆತರುವುದು, ಸಂಜೆ ಓಬಮ್ಮನ ಮನೆಯಲ್ಲಿ ಇರುವುದು, ರಜೆಯ ದಿನ ಬೇರೆ ಬೇರೆ ತಾಯಂದಿರು ಬಂದು ಕೂರುವುದು. ಗುರುವಾರ ಸಂಜೆ ಬೇವಿನ ಮರದಡಿ ಎಲ್ಲರೂ ಸೇರುತ್ತಿದ್ದೆವು. ಹೆಡ್‌ಮಾಸ್ಟರು ಆ ಸಂಜೆಯ ತರಗತಿಯನ್ನು ಮೇಲಿನವರಿಗೆ ಹೇಳದೆ ಕೈಬಿಟ್ಟರು. ಮೊದಲ ಗುರುವಾರ ಸರೋಜಮ್ಮ, "ಕವಿತಾ ಖೋ ಖೋದಾಗೆ ಹೆಂಗೆ ಓಡ್ತಿದ್ಳು, ನಾನು ಒಂದ್ಸಲನೂ ನೋಡಲಿಲ್ಲ. ಯಾರಾದ್ರೂ ಹೇಳ್ರವ್ವ" ಅಂದಳು. ಒಬ್ಬಳು ಹೇಳತೊಡಗಿದಳು, ನಡುವೆ ಅತ್ತಳು. ಆಮೇಲೆ ಎಲ್ಲರೂ ಅತ್ತರು. ಮೈಕಿಲ್ಲದ, ಭಾಷಣವಿಲ್ಲದ ಆ ಸಂಜೆ ಒಬ್ಬ ಹುಡುಗಿಯೂ ಬೀಳಲಿಲ್ಲ.

ಇದನ್ನು ಗೆಲುವಿನ ಕಥೆಯಂತೆ ಹೇಳಲು ನನಗೆ ಮನಸ್ಸಿಲ್ಲ. ಬೀಳುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹೊಲಕ್ಕೆ ಹೋದ ಹುಡುಗಿಯರಲ್ಲಿ ಕೆಲವರು ಮರಳಿ ಬರಲೇ ಇಲ್ಲ. ಪಲ್ಲವಿ ಕೆಲವು ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಿರಲಿಲ್ಲ, ಮಾತ್ರೆ ಉಗುಳಿಬಿಡುತ್ತಿದ್ದಳು. ಬೆಳಗಿನ ಬಸ್ಸಿನಿಂದ ಇಳಿದು ಶಾಲೆಯ ಗೇಟಿನ ಕಡೆ ನೋಡುತ್ತ, ಅವಳ ನೀಲಿ ರಿಬ್ಬನ್ ಕಾಣುವವರೆಗೆ ಅಲ್ಲೇ ನಿಲ್ಲುತ್ತಿದ್ದೆ. ಆ ವರ್ಷವಿಡೀ ನಾನು ನಿದ್ದೆ ಮಾಡಿದ್ದು ನೆನಪಿಲ್ಲ. ಅವಳನ್ನು ಉಳಿಸಿಕೊಳ್ಳುತ್ತೇವೆಂದು ನಾನು ಒಳಗೊಳಗೇ ನಂಬಿರಲಿಲ್ಲ. ನಂಬಿದವಳಂತೆ ಓಡಾಡುತ್ತಿದ್ದೆ, ಅಷ್ಟೇ. ಮಾರ್ಚಿನಲ್ಲಿ ಅವಳು ಪರೀಕ್ಷೆ ಬರೆದಳು. ಗಣಿತದ ದಿನ ಪರೀಕ್ಷಾ ಕೊಠಡಿಯ ಹೊರಗೆ ಬಿಸಿಲಿನಲ್ಲಿ ಓಬಮ್ಮ ಕೂತಿದ್ದಳು.

ಫಲಿತಾಂಶ ಬರುವ ದಿನ ಹತ್ತಿರವಾಯಿತು. ಕವಿತಾ ಹೋದದ್ದು ಅಂಥದೇ ದಿನ ಎಂಬುದನ್ನು ಯಾರೂ ಮರೆತಿರಲಿಲ್ಲ. ಆ ದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಓಬಮ್ಮ, ಬೋರಯ್ಯ, ಅವನ ಹೆಂಡತಿ, ಗುರುವಾರದ ತಾಯಂದಿರು, ಹುಡುಗಿಯರು, ಎಲ್ಲ ನೆಲದ ಮೇಲೆ ಒತ್ತಿಕೊಂಡು ಕೂತಿದ್ದರು. ಕುರಿ ಬಿಟ್ಟು ಬಂದಿದ್ದ ಪಲ್ಲವಿಯ ಅಪ್ಪ ಹೊಸ್ತಿಲ ಮೇಲೆ ಕಂಬಳಿ ಹೊದ್ದು ಕೂತಿದ್ದ. ಹೆಡ್‌ಮಾಸ್ಟರು ಹೊರಗೆ ಜಾಲಿ ಮರದ ಕೆಳಗೆ ನಿಂತಿದ್ದರು. ಸರೋಜಮ್ಮ ಮಗಳ ಪಕ್ಕದಲ್ಲಿ, ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು.

ನನ್ನ ಫೋನಿನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಪುಟ ತೆರೆದುಕೊಂಡಾಗ ನಾನು ಮೊದಲು ಗಣಿತದ ಸಾಲು ನೋಡಿದೆ. ಆಮೇಲೆ ಮತ್ತೊಮ್ಮೆ ನೋಡಿದೆ. ನನ್ನ ಮುಖ ನೋಡಿಯೇ ಪಲ್ಲವಿಗೆ ತಿಳಿಯಿತು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಓದಿದಳು. ಉಳಿದ ವಿಷಯಗಳೆಲ್ಲ ಪಾಸು. ಗಣಿತ ಫೇಲು.

ಹೊಸ್ತಿಲ ಮೇಲಿದ್ದ ಅಪ್ಪ ಮೊಣಕಾಲಿಗೆ ಮುಖ ಒತ್ತಿಕೊಂಡ. ನಾನು ಏನೋ ಹೇಳಲು ಬಾಯಿ ತೆರೆದೆ, ಪೂರಕ ಪರೀಕ್ಷೆ ಇದೆ, ನಾನು ಕಲಿಸುತ್ತೇನೆ, ಎಂಥದೋ. ಸರೋಜಮ್ಮ ಕೈಸನ್ನೆ ಮಾಡಿ ನನ್ನನ್ನು ತಡೆದಳು. ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಇಲ್ಲಿ ನೋಡು. ನಿನ್ನಕ್ಕ ಫೇಲಾದ ದಿನ ನಾನು ಹೊಲದಾಗಿದ್ದೆ. ಇವತ್ತು ನಾನು ಎಲ್ಲಿಗೂ ಹೋಗಂಗಿಲ್ಲ. ಇವರ್ಯಾರೂ ಹೋಗಂಗಿಲ್ಲ. ನಿನಗೆ ಅಳಬೇಕು ಅನ್ಸಿದ್ರೆ ಅಳು. ಬೈಬೇಕು ಅನ್ಸಿದ್ರೆ ನನ್ನ ಬೈ. ಸುಮ್ಮನೆ ಮಾತ್ರ ಕುಂತ್ಕಬ್ಯಾಡ."

ಪಲ್ಲವಿ ಸುಮ್ಮನೆ ಕೂತಳು. ಬಿಸಿಲು ಬಾಗಿಲಿನಿಂದ ಒಳಗೆ ಬಂದು ಒಬ್ಬೊಬ್ಬರ ಕಾಲ ಮೇಲೆ ಸರಿಯಿತು. ಯಾರೂ ಏಳಲಿಲ್ಲ. ಹೊರಗೆ ಯಾರೋ ಪಾಸಾದವರು ಪಟಾಕಿ ಹೊಡೆದರು, ಬೋರಯ್ಯ ಎದ್ದು ಹೋಗಿ ನಿಲ್ಲಿಸಿ ಬಂದ. ಎಷ್ಟು ಹೊತ್ತಾಯಿತೋ, ಪಲ್ಲವಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ ಬಂದಳು, ಯಾರು ಇದ್ದಾರೆ ಯಾರು ಇಲ್ಲ ಎಂದು ನೋಡುವವಳಂತೆ. ಕೊನೆಗೆ ಅವಳ ಕಣ್ಣು ಅವ್ವನ ಮೇಲೆ ನಿಂತಿತು.

"ಅವ್ವ" ಅಂದಳು, "ಹಸಿವಾಗ್ತೈತೆ."

ಸರೋಜಮ್ಮ ಒಲೆಯ ಕಡೆ ಏಳಲು ಹೋದಳು. ಏಳಲಾಗದೆ, ಕೂತಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಓಬಮ್ಮ ಎದ್ದು ಹೋಗಿ ರಾಗಿ ಹಿಟ್ಟಿಗೆ ನೀರಿಟ್ಟಳು.